ಗಾರೆ ನೆಲದ ಮೇಲೆ ಎರಡು ಬಗೆಯ ಮಾನ್‌ಸ್ಟರ್ ಟ್ರಕ್ಕುಗಳು

ಬಸವನಗುಡಿಯ ನಮ್ಮ ಮನೆಯ ಗಾಜಿನ ಬೀರುವಿನಲ್ಲಿ, ಹಿಂದೆ ಪಟ್ಟದ ಗೊಂಬೆಗಳಿರುತ್ತಿದ್ದ ಮೇಲಿನ ಎರಡು ಅರೆಗಳಲ್ಲಿ, ಈಗ ನನ್ನ ಡೈಕಾಸ್ಟ್ (ಲೋಹದ ಎರಕದ) ಮಾನ್‌ಸ್ಟರ್ ಟ್ರಕ್ಕುಗಳು ನಿಂತಿವೆ: ಆಳೆತ್ತರದ ಗಾಲಿಗಳ ಮೇಲೆ ಕಾರುಗಳನ್ನು ತುಳಿದು ಸಾಗುವ ಪ್ರದರ್ಶನದ ಟ್ರಕ್ಕುಗಳ ಆಟಿಕೆ ರೂಪಗಳು. ಹೆಚ್ಚಿನವು ಎರಡು ಸಾಲಿಗೆ ಸೇರಿದವು: ಒಂದು ಮ್ಯಾಟೆಲ್ ಕಂಪನಿಯ ಹಾಟ್ ವೀಲ್ಸ್ ಮಾನ್‌ಸ್ಟರ್ ಟ್ರಕ್ಸ್, ಇನ್ನೊಂದು ಕೆನಡಾದ ಸ್ಪಿನ್ ಮಾಸ್ಟರ್ ಕಂಪನಿಯ ಮಾನ್‌ಸ್ಟರ್ ಜಾಮ್, ಅದೇ ಹೆಸರಿನ ಅಮೆರಿಕದ ಟ್ರಕ್ ಪ್ರದರ್ಶನದ ಆಟಿಕೆಗಳು. ಎರಡೂ 1:64 ಅಳತೆಯವೆಂದೇ, ಅಂದರೆ ನಿಜವಾದ ಟ್ರಕ್ಕಿನ 64ರಲ್ಲೊಂದು ಪಾಲು ಗಾತ್ರದವೆಂದೇ, ಮಾರಾಟವಾಗುತ್ತವೆ. ಅಂಗಡಿಯ ಕೊಕ್ಕೆಗಳಲ್ಲಿ ಪಕ್ಕಪಕ್ಕ ತೂಗುವಾಗ ಅಣ್ಣತಮ್ಮಂದಿರಂತೆ ಕಂಡರೂ, ಕೈಗೆತ್ತಿಕೊಂಡ ಕೂಡಲೇ ಇವುಗಳ ಉದ್ದೇಶವೇ ಬೇರೆಬೇರೆ ಎಂದು ತಿಳಿಯುತ್ತದೆ.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ಮಾನ್‌ಸ್ಟರ್ ಜಾಮ್‌ನ ಹೆಸರಾಂತ ಟ್ರಕ್ಕಾದ ಗ್ರೇವ್ ಡಿಗ್ಗರ್‌ನ ಹಳೆಯ ಆಟಿಕೆ ಹಾಟ್ ವೀಲ್ಸ್ ರಟ್ಟಿನ ಪೊಟ್ಟಣದಲ್ಲಿ ಸಿಕ್ಕಿದರೆ ಅದನ್ನು ನಕಲಿ ಎಂದು ಅನುಮಾನಿಸಬೇಕಾಗಿಲ್ಲ. 2018ರವರೆಗೆ ಮಾನ್‌ಸ್ಟರ್ ಜಾಮ್ ಆಟಿಕೆಗಳ ಪರವಾನಗಿ ಮ್ಯಾಟೆಲ್ ಬಳಿಯೇ ಇತ್ತು. 2019ರಿಂದ ಅದು ಸ್ಪಿನ್ ಮಾಸ್ಟರ್‌ಗೆ ಬಂದಿತು. ಹೀಗಾಗಿ ಒಂದೇ ಟ್ರಕ್ಕಿನ ಎರಡು ಬೇರೆ ಅಚ್ಚುಗಳು ಸಂಗ್ರಹಕಾರರ ನಡುವೆ ಓಡಾಡುತ್ತಿವೆ. ಪರವಾನಗಿ ಕೈಬಿಟ್ಟ ಬಳಿಕ ಹಾಟ್ ವೀಲ್ಸ್ ತನ್ನದೇ ಕಲ್ಪನೆಯ ವಾಹನಗಳ ಕಡೆಗೆ ಹೆಚ್ಚು ವಾಲಿತು: ತಲೆಬುರುಡೆಯ ಮುಖದ ಬೋನ್ ಶೇಕರ್, ಡೈನೋಸಾರ್ ಆಕಾರದ ಮೆಗಾ ರೆಕ್ಸ್ ಇತ್ಯಾದಿ.

ಅಳತೆಯ ನಿಷ್ಠೆಯನ್ನು ಪರೀಕ್ಷಿಸಲು ಗಾಲಿಗಿಂತ ಒಳ್ಳೆಯ ಜಾಗವಿಲ್ಲ. ನಿಜವಾದ ಮಾನ್‌ಸ್ಟರ್ ಟ್ರಕ್ಕಿನ ಟೈರು 66 ಅಂಗುಲ, ಅಂದರೆ ಸುಮಾರು 168 ಸೆಂಟಿಮೀಟರ್ ಎತ್ತರವಿರುತ್ತದೆ. 64ರಿಂದ ಭಾಗಿಸಿದರೆ ಆಟಿಕೆಯ ಟೈರು 26 ಮಿಲಿಮೀಟರ್ ಆಸುಪಾಸಿನಲ್ಲಿರಬೇಕು. (ಮಾನ್‌ಸ್ಟರ್ ಜಾಮ್‌ನ ನಿಜವಾದ ಟ್ರಕ್ಕುಗಳಿಗೆ ಟೈರು ಒದಗಿಸುವುದು ಮುಂಬೈಯ ಬಾಲಕೃಷ್ಣ ಇಂಡಸ್ಟ್ರೀಸ್, ಅಂದರೆ ಬಿಕೆಟಿ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು, ಅಂದಿನಿಂದ ಟ್ರ್ಯಾಕ್ಟರುಗಳ ಟೈರಿನ ಮೇಲೆ ಆ ಹೆಸರು ಕಂಡಾಗಲೆಲ್ಲ ನಗು ಬರುತ್ತದೆ.) ನನ್ನ ಅಳತೆಪಟ್ಟಿಗೆ ಮಾನ್‌ಸ್ಟರ್ ಜಾಮ್ ಗಾಲಿಗಳೇ ಈ ಲೆಕ್ಕಕ್ಕೆ ಹೆಚ್ಚು ಹತ್ತಿರವೆನಿಸಿದವು. ಹಾಟ್ ವೀಲ್ಸ್ ಗಾಲಿಗಳು ಬೇಕೆಂದೇ ದೊಡ್ಡದು ಮಾಡಿದಂಥವು; ಬಾಡಿ ಅವುಗಳ ಮೇಲೆ ಅಂಬಾರಿಯ ಹಾಗೆ ಕುಳಿತಿರುತ್ತದೆ.

ಆ ದೊಡ್ಡ ಗಾಲಿಯ ಪ್ರಯೋಜನ ನೆಲದ ಮೇಲೆ ತಿಳಿಯುತ್ತದೆ. ಊಟಕ್ಕೆ ಕೂರುವ ಮಣೆಯೊಂದರ ತುದಿಯನ್ನು ಅಕ್ಕಿ ಅಳೆಯುವ ಸೇರಿನ ಮೇಲಿಟ್ಟು ಇಳಿಜಾರು ಮಾಡಿಕೊಂಡು, ತಂಗಿಯ ಮಗನ ಸಮಕ್ಷಮದಲ್ಲಿ, ಎರಡು ಬಗೆಯ ಒಂದೊಂದು ಟ್ರಕ್ಕನ್ನು ಹತ್ತು ಹತ್ತು ಸಲ ಕೆಂಪು ಗಾರೆ ನೆಲಕ್ಕೆ ಬಿಟ್ಟೆ. ಬೋನ್ ಶೇಕರ್ ಏಳು ಸಲ ನಡುಮನೆಯ ಹೊಸಿಲನ್ನು ಮುಟ್ಟಿತು. ಗಾರೆ ಬಿರುಕು ಬಿಟ್ಟ ಕಡೆಯೂ ಅದು ತಡವರಿಸಲಿಲ್ಲ. ಗ್ರೇವ್ ಡಿಗ್ಗರ್ ಮುಟ್ಟಿದ್ದು ಮೂರು ಸಲ. “ಮಾಮ, ಇದು ಓಡೋಕಲ್ಲ, ನೋಡೋಕೆ” ಎಂದು ಹುಡುಗ ಅಲ್ಲೇ ತೀರ್ಪು ಕೊಟ್ಟ.

ನೋಡುವುದಕ್ಕೆ ಅದು ನಿಜಕ್ಕೂ ಚೆನ್ನ. 1982ರ ಸುಮಾರಿಗೆ ಡೆನಿಸ್ ಆಂಡರ್ಸನ್ ಅಮೆರಿಕದಲ್ಲಿ ಕಟ್ಟಿದ ಈ ಟ್ರಕ್ಕು ಆಮೇಲೆ 1950ರ ಷೆವ್ರೊಲೆ ಪ್ಯಾನಲ್ ವ್ಯಾನಿನ ರೂಪ ತಳೆಯಿತು. ಸತುವಿನ ಮಿಶ್ರಲೋಹದ ಎರಕದಲ್ಲಿ ಆ ವ್ಯಾನಿನ ಉಬ್ಬಿದ ಬೆನ್ನು, ಅದರ ಮೇಲಿನ ಸ್ಮಶಾನದ ಹಸಿರು ಚಿತ್ರ, ಕೆಂಪು ದೀಪಗಳು ಭೂತಗನ್ನಡಿ ಹಿಡಿದು ನೋಡುವಷ್ಟು ಚೊಕ್ಕವಾಗಿ ಮೂಡಿವೆ. ಬೋನ್ ಶೇಕರ್‌ನಲ್ಲಿ ಇಂಥ ಹೋಲಿಕೆಯ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅದರ ಮೂಲವೂ ಆಟಿಕೆಯೇ: 2006ರಲ್ಲಿ ಲ್ಯಾರಿ ವುಡ್ ರೂಪಿಸಿದ ಹಾಟ್ ವೀಲ್ಸ್ ಕಾರು ಅದು.

ಪೇಟೆಯ ಬೀದಿಬದಿಯಲ್ಲಿ ಸಿಗುವ, ಹಿಂದಕ್ಕೆಳೆದು ಬಿಟ್ಟರೆ ಓಡುವ ಹೆಸರಿಲ್ಲದ ಟ್ರಕ್ಕುಗಳನ್ನೂ ಈ ಪಂದ್ಯಕ್ಕೆ ಇಳಿಸಿದ್ದೆ. ಎರಡನೆಯ ಸಲಕ್ಕೇ ಒಂದರ ಆಕ್ಸಲ್ ಬಾಗಿತು, ಉಗುರು ತಾಕಿದಲ್ಲಿ ಬಣ್ಣ ಎದ್ದಿತು. ಅದರ ಬಗ್ಗೆ ಹೆಚ್ಚು ಬರೆಯುವುದೇನೂ ಇಲ್ಲ.

ಮಕ್ಕಳ ಕೈಗೆ ಕೊಡುವುದಾದರೆ ಹಾಟ್ ವೀಲ್ಸ್, ಬೀರುವಿಗಾದರೆ ಮಾನ್‌ಸ್ಟರ್ ಜಾಮ್ ಎಂದು ನಾನು ಹಿಂಜರಿಯದೆ ಹೇಳುತ್ತಿದ್ದೆ, ಬಿಗ್‌ಫುಟ್ ಒಂದು ಇಲ್ಲದಿದ್ದರೆ. 1970ರ ದಶಕದಲ್ಲಿ ಸೇಂಟ್ ಲೂಯಿಸ್ ಬಳಿಯ ಬಾಬ್ ಚಾಂಡ್ಲರ್ ತಮ್ಮ ಫೋರ್ಡ್ ಪಿಕಪ್ಪನ್ನು ಎತ್ತರಿಸುತ್ತಾ ಹೋಗಿ, 1981ರಲ್ಲಿ ಹಳೆಯ ಕಾರುಗಳ ಮೇಲೆ ಹತ್ತಿಸಿದ ಆ ನೀಲಿ ಟ್ರಕ್ಕು ಕಲ್ಪನೆಯದಲ್ಲ. ಈ ಇಡೀ ಕ್ರೀಡೆಯ ಮೂಲವೇ ಅದು, ಆದರೆ ಅದು ಸಿಗುವುದು ಹಾಟ್ ವೀಲ್ಸ್ ಸಾಲಿನಲ್ಲಿ. ನಾನು ಅದನ್ನು ಎರಡು ಕೊಂಡೆ. ಒಂದು ರಟ್ಟಿನೊಳಗೇ ಗ್ರೇವ್ ಡಿಗ್ಗರ್ ಪಕ್ಕದಲ್ಲಿದೆ. ಇನ್ನೊಂದರ ಮುಂದಿನ ಬಂಪರಿನ ನೀಲಿ ಬಣ್ಣ ಹೊಸಿಲಿಗೆ ಬಡಿದು ಬಡಿದು ಈಗಾಗಲೇ ಹೋಗಿದೆ.