‘ಐಸಿಎಫ್ ಅನುಮೋದಿತ ಲೈಫ್ ಕೋಚ್ ಕೋರ್ಸ್’ ಅಂದ ಕೂಡ್ಲೇ ದುಡ್ಡು ಕಟ್ಟಬೇಡಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯವರು ದಯವಿಟ್ಟು ಪೂರ್ತಿ ಓದಿ. ಭದ್ರಾವತಿಯವರು ಇವತ್ತೇ ಓದಿ, ಮುಂದಿನ ಶಿಬಿರ ನಿಮ್ಮೂರಲ್ಲಿ ಅಂತ ಪೋಸ್ಟರ್ ಓಡಾಡ್ತಿದೆ.

ಇಂಥದ್ದೇ ಒಂದು ಕೋರ್ಸಿಗೆ ನನ್ನದು ಹೋಗಿದ್ದು 94,400 ರೂಪಾಯಿ. ಫೀಸು 80,000, ಅದರ ಮೇಲೆ ಶೇ. 18 ಜಿಎಸ್‌ಟಿ 14,400. ಸಂಸ್ಥೆ ಹೆಸರು ಬರೀತಿಲ್ಲ, ದೂರು ಕೊಡೋದು ಬಾಕಿ ಇದೆ. ಹೆಸರು ಗೊತ್ತಾದ್ರೂ ಅಷ್ಟೇನೂ ಉಪಯೋಗ ಇಲ್ಲ, ನಾಳೆ ಇನ್ನೊಂದು ಬೋರ್ಡು ಹಾಕ್ಕೋತಾರೆ. ಮಾಡೋ ರೀತಿ ಅದೇ ಇರುತ್ತೆ, ಅದನ್ನ ಗುರುತು ಹಿಡೀರಿ.

ನಾಚಿಕೆ ಮೊದಲೇ ಒಪ್ಕೊಂಡುಬಿಡ್ತೀನಿ. ನಾನೂ ಲೈಫ್ ಕೋಚ್, ಅಂದ್ರೆ ಪ್ರಶ್ನೆ ಕೇಳ್ತಾ ಜನ ತಮ್ಮ ದಾರಿ ತಾವೇ ಹುಡುಕೋಕೆ ನೆರವಾಗೋಳು, ಈ ಕಸುಬಿಗೆ ಹೊಸಬಳಲ್ಲ. ನಮ್ಮ ದೇಶದಲ್ಲಿ ಲೈಫ್ ಕೋಚ್‌ಗೆ ಲೈಸೆನ್ಸ್ ಅಂತ ಏನೂ ಇಲ್ಲ, ಯಾರು ಬೇಕಾದ್ರೂ ಬೋರ್ಡು ಹಾಕಬಹುದು ಅಂತ ಗೊತ್ತು. ಅದಕ್ಕೇ ಬೆಂಗಳೂರಿನ ಕಂಪನಿಯವರು ‘ಐಸಿಎಫ್ ಕ್ರೆಡೆನ್ಶಿಯಲ್ ಇದೆಯಾ’ ಅಂತ ಕೇಳೋದು, ಅದೂ ಗೊತ್ತು. ಐಸಿಎಫ್ ಅಂದ್ರೆ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್, 1995ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು; ಕೋಚ್‌ಗಳಿಗೆ ಕ್ರೆಡೆನ್ಶಿಯಲ್ ಅಂದ್ರೆ ಅರ್ಹತಾ ಪತ್ರ ಕೊಡೋದು, ತರಬೇತಿ ಕೋರ್ಸ್‌ಗಳಿಗೆ ಅನುಮೋದನೆ ಕೊಡೋದು ಅವರ ಕೆಲಸ. ಎದುರಿಗೆ ಕೂತವರಿಗೆ ಪ್ರಶ್ನೆ ಕೇಳೋದೇ ನನ್ನ ಕೆಲಸ. ಅಲ್ಲಿ ಕೇಳಬೇಕಾಗಿದ್ದು ಒಂದೇ ಪ್ರಶ್ನೆ: ‘ಯಾವ ಲೆವೆಲ್?’ ಅಂದ್ರೆ ಈ ಕೋರ್ಸಿಗೆ ಐಸಿಎಫ್ ಕೊಟ್ಟಿರೋದು ಯಾವ ದರ್ಜೆಯ ಅನುಮೋದನೆ ಅಂತ. ಕೇಳಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನನ್ನದು ಎರಡು ಪದ ಕೇಳದೆ ಹೋಯ್ತು.

ಮೊದಲು 99 ರೂಪಾಯಿಯ ವೆಬಿನಾರ್, ಆಮೇಲೆ ಊರಿನ ಒಂದು ಹೋಟೆಲ್ ಹಾಲ್‌ನಲ್ಲಿ ಎರಡು ದಿನದ ಶಿಬಿರ. ಇದೆಲ್ಲ ಮಾಮೂಲಿ, ಎಲ್ಲರಿಗೂ ಗೊತ್ತಿರೋದೇ. ಶನಿವಾರ ಸಂಜೆ ದೀಪ ಆರಿಸಿ, ಸಣ್ಣಗೆ ಸಂಗೀತ ಹಾಕಿ, ‘ಕಣ್ಣು ಮುಚ್ಚಿ. ಇವತ್ತು ನೀವು ಸತ್ತಿದ್ದೀರಿ. ಅಂಗಳದಲ್ಲಿ ಯಾರ್ಯಾರು ನಿಂತಿದ್ದಾರೆ? ನಿಮ್ಮ ಬಗ್ಗೆ ಏನು ಮಾತಾಡ್ತಿದ್ದಾರೆ?’ ಅಂದ್ರು. ಹಾಲ್ ತುಂಬ ಅಳು. ಈ ಅಭ್ಯಾಸ ಸುಳ್ಳಲ್ಲ, ನಾವೂ ಮಾಡಿಸ್ತೀವಿ. ಆದ್ರೆ ಒಬ್ಬರನ್ನೇ ಕೂರಿಸಿಕೊಂಡು ಮಾಡಿಸಬೇಕು. ಅದೂ ಎರಡು ಮೂರು ಭೇಟಿ ಆದ್ಮೇಲೆ, ಪರಿಚಯ ಗಟ್ಟಿಯಾದ್ಮೇಲೆ. ಒಂದು ಗಂಟೆಯ ಭೇಟಿಯಾದ್ರೆ ಕೊನೇ ಹತ್ತು ಹದಿನೈದು ನಿಮಿಷ ಆ ಮನುಷ್ಯನನ್ನ ವಾಪಸ್ ನೆಲಕ್ಕೆ ಇಳಿಸೋಕೇ ಮೀಸಲು. ಇಲ್ಲಿ ಎಪ್ಪತ್ತು ಜನರನ್ನ ಒಟ್ಟಿಗೆ ಅಳಿಸಿ ಟೀ ಬ್ರೇಕ್ ಕೊಟ್ರು.

ಭಾನುವಾರ ಸಂಜೆ ನಾಲ್ಕೂವರೆಗೆ ಪರದೆ ಮೇಲೆ 1,80,000 ಬಂತು, ಅದರ ಮೇಲೆ ಕೆಂಪು ಗೀಟು ಬಂತು, ಕೆಳಗೆ 80,000. ‘ಈ ಹಾಲ್‌ನಿಂದ ಹೊರಗೆ ಹೋಗೋ ತನಕ ಮಾತ್ರ.’ ಕುರ್ಚಿ ಕುರ್ಚಿಗೂ ಟ್ಯಾಬ್ ಹಿಡ್ಕೊಂಡ ಹುಡುಗರು. ಆಧಾರ್, ಪ್ಯಾನ್, ಒಂದು ಸೆಲ್ಫಿ, ‘ಮೇಡಂ, ಓಟಿಪಿ ಹೇಳಿ’. ಕಣ್ಣೀರು ಒಣಗೋ ಮುಂಚೆ ಓಟಿಪಿ. ಕಂತು ಅಂತ ಅಂದ್ರು, ಸಾಲ ಅಂತ ಒಬ್ಬರೂ ಅನ್ನಲಿಲ್ಲ. ತಿಂಗಳಿಗೆ 7,867ರಂತೆ 12 ತಿಂಗಳು, ‘ನೋ ಕಾಸ್ಟ್ ಇಎಂಐ’. ಮನೆಗೆ ಬಂದು ಮೆಸೇಜ್ ನೋಡಿದ್ರೆ ಯಾವುದೋ ಫೈನಾನ್ಸ್ ಕಂಪನಿಯ ಪರ್ಸನಲ್ ಲೋನ್. ಆ ಕಂಪನಿಯವರು ಪೂರ್ತಿ ದುಡ್ಡನ್ನ ಸಂಸ್ಥೆಗೆ ಹಾಕಿ ಆಗಿದೆ, ಕಂತು ಮಾತ್ರ ನನ್ನ ತಲೆ ಮೇಲೆ. ಇದನ್ನ ಸರಿಯಾಗಿ ಅರ್ಥ ಮಾಡ್ಕೊಳ್ಳಿ. ಕೋರ್ಸ್ ಬಿಟ್ರೂ ಕಂತು ಬಿಡಲ್ಲ. ಕಂತು ಬಿಟ್ರೆ ಸಿಬಿಲ್ ಹಾಳಾಗೋದು ನಿಮ್ಮದು, ಅವರದ್ದಲ್ಲ.

ಕೋರ್ಸ್ ವಿಷಯಕ್ಕೆ ಬರ್ತೀನಿ. ಜಾಹೀರಾತಿನಲ್ಲಿ ‘120 ಗಂಟೆ’. ನಾನು ಡೈರಿಯಲ್ಲಿ ಬರೆದಿಟ್ಟ ಲೆಕ್ಕ: ಎಂಟು ಭಾನುವಾರ, ಮೂರು ಮೂರು ಗಂಟೆ, ಒಟ್ಟು 24. ಮಿಕ್ಕಿದ್ದು ಹಳೇ ವಿಡಿಯೊ ಮತ್ತು ವಾಟ್ಸಾಪ್ ಗ್ರೂಪಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ವಾಯ್ಸ್ ನೋಟ್. ಅದಕ್ಕೂ ಗಂಟೆ ಲೆಕ್ಕ!

ಉದ್ದೇಶ ಹುಡುಕೋ ಪಾಠ ಅಂದ್ರೆ ನಾಲ್ಕು ವೃತ್ತದ ಇಕಿಗಾಯ್ (ಬದುಕೋಕೆ ಒಂದು ಕಾರಣ ಅನ್ನೋ ಅರ್ಥದ ಜಪಾನಿ ಪದ) ಚಿತ್ರ. ಇಷ್ಟವಾದದ್ದು, ಚೆನ್ನಾಗಿ ಮಾಡೋಕೆ ಬರುವಂಥದ್ದು, ಲೋಕಕ್ಕೆ ಬೇಕಾದ್ದು, ದುಡ್ಡು ತರೋದು, ನಾಲ್ಕೂ ಸೇರೋ ಜಾಗವೇ ನಿಮ್ಮ ಜೀವನ ಅಂತ. ‘ಜಪಾನಿನ ಸಾವಿರ ವರ್ಷದ ರಹಸ್ಯ’ ಅಂತ ಹೇಳಿದ್ರು. ಆ ಚಿತ್ರ ಜಪಾನಿನದ್ದೇ ಅಲ್ಲ. ಸ್ಪೇನಿನ ಆಂದ್ರೆಸ್ ಸುಸುನಾಗಾ ಅನ್ನುವವರು ಬರೆದಿದ್ದ ಚಿತ್ರದ ನಡುವೆ 2014ರಲ್ಲಿ ಮಾರ್ಕ್ ವಿನ್ ಅನ್ನೋ ಬ್ಲಾಗರ್ ‘ಇಕಿಗಾಯ್’ ಪದ ಕೂರಿಸಿದ್ರು. ಜಪಾನಿನವರಿಗೆ ಇಕಿಗಾಯ್ ಅಂದ್ರೆ ಬೆಳಿಗ್ಗೆ ಎದ್ದು ತೋಟಕ್ಕೆ ನೀರು ಬಿಡೋ ಖುಷಿಯೂ ಆಗಬಹುದು, ಅದಕ್ಕೆ ದುಡ್ಡಿನ ವೃತ್ತ ಬೇಕಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ಅಡಿಕೆ ತೋಟಕ್ಕೆ ವಾಪಸ್ ಬಂದ ಹುಡುಗನ ಮುಂದೆ ಆ ನಾಲ್ಕು ವೃತ್ತ ಇಟ್ಟು ನೋಡಿ. ಕೊಳೆರೋಗ ಬಂದ ವರ್ಷ ‘ದುಡ್ಡು ತರೋದು’ ವೃತ್ತ ಖಾಲಿ. ಆಗ ಅವನ ಬದುಕಿಗೇ ಅರ್ಥ ಇಲ್ಲ ಅಂತ ಹೇಳಿ ಕಳಿಸೋದಾ?

ಇನ್ನು ಕನ್ನಡ ವರ್ಕ್‌ಬುಕ್. ಮೊದಲ ಪುಟದ ಮೊದಲ ಪ್ರಶ್ನೆ, ‘ನಿಮ್ಮ ಉದ್ದೇಶ ಏನು?’ ಯಾವುದೋ ಮಷೀನಿಗೆ ಹಾಕಿ ತೆಗೆದ ಅನುವಾದ. ನಮ್ಮ ಕಡೆ ಯಾರನ್ನಾದ್ರೂ ಎದುರಿಗೆ ಕೂರಿಸಿಕೊಂಡು ‘ನಿಮ್ಮ ಉದ್ದೇಶ ಏನು’ ಅಂತ ಕೇಳಿ, ‘ಯಾಕ್ರೀ, ನಾನೇನು ಮಾಡ್ದೆ?’ ಅಂತ ತಿರುಗಿ ಕೇಳ್ತಾರೆ. ನಮ್ಮ ಹತ್ರ ಬರುವವರು ಹೇಳೋದು ‘ಎಲ್ಲಾ ಇದೆ, ಸಮಾಧಾನ ಇಲ್ಲ’ ಅಂತ, ‘ಏನು ಮಾಡಿದ್ರೂ ಸಾರ್ಥಕ ಅನಿಸ್ತಿಲ್ಲ’ ಅಂತ. ಕೆಲಸ ಶುರುವಾಗೋದು ಆ ಮಾತಿನಿಂದ. ಒಂದು ವಾರ ಗಂಟೆ ಗಂಟೆಗೆ ಏನು ಮಾಡಿದ್ರಿ ಅಂತ ಬರೆಸಿ, ಯಾವುದು ಹಗುರ ಅನಿಸ್ತು, ಯಾವುದು ಭಾರ ಅಂತ ಗುರುತು ಹಾಕಿಸಬೇಕು. ಬದುಕಿನ ಮೌಲ್ಯಗಳನ್ನ ಒಂದೊಂದಾಗಿ ಬರೆದ ಐವತ್ತು ಚೀಟಿ ಕೊಟ್ಟು, ಮುಖ್ಯವಾದದ್ದು ಆರಿಸಿ ಹತ್ತಕ್ಕೆ, ಹತ್ತರಿಂದ ಐದಕ್ಕೆ ಇಳಿಸಬೇಕು. ಆಮೇಲೆ ಎರಡು ವಾರಕ್ಕೆ ಮುಗಿಯೋ ಒಂದು ಸಣ್ಣ ಪ್ರಯೋಗ. ಇಷ್ಟಕ್ಕೇ ಆರು ಭೇಟಿ ಬೇಕು. ಅವರು ‘90 ನಿಮಿಷದಲ್ಲಿ ಪರ್ಪಸ್’ ಅಂತ ಮಾರೋಕೆ ಕಲಿಸಿದ್ರು.

ನನಗೆ ಮೈ ಉರಿದದ್ದು ಐದನೇ ವಾರದ ವಿಡಿಯೊ. ‘ಡಿಪ್ರೆಶನ್ ಅಂದ್ರೆ ಉದ್ದೇಶ ಕಳ್ಕೊಂಡಿರೋದು, ಅಷ್ಟೇ. ಮಾತ್ರೆ ಅದನ್ನ ಮುಚ್ಚಿಡುತ್ತೆ.’ ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಇಲ್ಲ, ಊಟ ಸೇರ್ತಿಲ್ಲ, ಸಾಯೋ ಮಾತು ಬರ್ತಿದೆ ಅಂದ್ರೆ ಕೋಚ್ ಅಲ್ಲಿಗೆ ನಿಲ್ಲಿಸಿ ಮನೋವೈದ್ಯರ ಹತ್ರ ಕಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಮಾತ್ರೆ ಬಿಡಿಸೋಕೆ ಹೋದ್ರೆ ಜೀವಕ್ಕೇ ಅಪಾಯ ಆಗಬಹುದು. ಆ ವಿಡಿಯೊ ನೋಡಿದವರೆಲ್ಲ ಈಗ ‘ಸರ್ಟಿಫೈಡ್’.

ಈಗ ಗೊತ್ತಾದ ಗಳಿಗೆ. ಎಸಿಸಿ (ಅಸೋಸಿಯೇಟ್ ಸರ್ಟಿಫೈಡ್ ಕೋಚ್) ಕ್ರೆಡೆನ್ಶಿಯಲ್‌ಗೆ ಅರ್ಜಿ ಹಾಕೋಣ ಅಂತ ಐಸಿಎಫ್ ವೆಬ್‌ಸೈಟ್ ತೆಗೆದೆ. ಎಸಿಸಿ ಮೊದಲ ಮೆಟ್ಟಿಲು: ಕನಿಷ್ಠ 60 ಗಂಟೆ ತರಬೇತಿ, 10 ಗಂಟೆ ಮೆಂಟರ್ ಕೋಚಿಂಗ್ (ಅನುಭವಿ ಕೋಚ್ ನಮ್ಮ ಕೋಚಿಂಗ್ ನೋಡಿ ತಿದ್ದೋದು), ಅದೂ ಕನಿಷ್ಠ ಮೂರು ತಿಂಗಳಲ್ಲಿ ಹರಡಿರಬೇಕು. ಕನಿಷ್ಠ ಎಂಟು ಕ್ಲೈಂಟ್‌ಗಳ ಜೊತೆ 100 ಗಂಟೆ ಕೋಚಿಂಗ್, ಅದರಲ್ಲಿ 75 ಗಂಟೆ ದುಡ್ಡು ತಗೊಂಡು ಮಾಡಿದ್ದು. ಆಮೇಲೆ ಪರೀಕ್ಷೆ. ತರಬೇತಿ ಸಂಸ್ಥೆಗಳ ಪಟ್ಟಿಯಲ್ಲಿ ಲೆವೆಲ್ 1, ಅಂದ್ರೆ ಎಸಿಸಿಗೆ ತಯಾರು ಮಾಡೋ ಕೋರ್ಸ್, ಅಂತ ಹುಡುಕಿದೆ, ಇವರ ಹೆಸರಿಲ್ಲ. ಅದರ ಮೇಲಿನ ದರ್ಜೆ ಲೆವೆಲ್ 2, ಅಲ್ಲೂ ಇಲ್ಲ. ಸರ್ಟಿಫಿಕೇಟನ್ನ ಕಿಟಕಿ ಹತ್ರ ಹಿಡಿದು ನೋಡಿದೆ. ಚಿನ್ನದ ಬಣ್ಣದ ಮುದ್ರೆ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ‘ಸಿಸಿಇ 12 ಗಂಟೆ’.

ಸಿಸಿಇ ಅಂದ್ರೆ ಕಂಟಿನ್ಯೂಯಿಂಗ್ ಕೋಚ್ ಎಜುಕೇಶನ್, ಮುಂದುವರಿಕೆ ತರಬೇತಿ. ಅದು ಇರೋದು ಮುಖ್ಯವಾಗಿ ಆಗಲೇ ಕ್ರೆಡೆನ್ಶಿಯಲ್ ಇರುವವರು ಮೂರು ವರ್ಷಕ್ಕೊಮ್ಮೆ ನವೀಕರಿಸೋಕೆ, ಅದಕ್ಕೆ 40 ಗಂಟೆ ಬೇಕು. ಅಂದ್ರೆ ‘ಐಸಿಎಫ್ ಅನುಮೋದಿತ’ ಅನ್ನೋದು ಪೂರ್ತಿ ಸುಳ್ಳೂ ಅಲ್ಲ, ಅಲ್ಲೇ ಇರೋದು ಮೋಸ. ಆ 12 ಗಂಟೆಯಿಂದ ಎಸಿಸಿ ಸಿಗಲ್ಲ. ಕಡಿಮೆ ದರ್ಜೆಯ ಗೊರಬಲು ಅಡಿಕೆಯನ್ನ ಮೇಲು ದರ್ಜೆಯ ಸರಕು ಅಂತ ಮಂಡಿಗೆ ತಂದ ಹಾಗೆ: ಅದೂ ಅಡಿಕೆಯೇ ಅಲ್ವಾ ಅಂದ್ರೆ ಏನು ಹೇಳ್ತೀರಿ?

ಹಾಗೇ ಅವರು ಹಾಕ್ಕೊಳ್ಳೋ ‘ಮಾಸ್ಟರ್ ಕೋಚ್’ ಪಟ್ಟ. ಐಸಿಎಫ್‌ನಲ್ಲಿ ಎಂಸಿಸಿ ಅಂದ್ರೆ ಮಾಸ್ಟರ್ ಸರ್ಟಿಫೈಡ್ ಕೋಚ್, 2,500 ಗಂಟೆ ಕೋಚಿಂಗ್ ಮಾಡಿರಬೇಕು. ನಡುವಿನ ‘ಸರ್ಟಿಫೈಡ್’ ಇಲ್ಲ ಅಂದ್ರೆ ಅದು ಅವರವರೇ ಇಟ್ಕೊಂಡ ಬಿರುದು. ‘ಭಾರತ ಸರ್ಕಾರದಲ್ಲಿ ನೋಂದಾಯಿತ’ ಅಂದಿದ್ದು ಉದ್ಯಮ್ ನೋಂದಣಿ, ಅಂದ್ರೆ ಸಣ್ಣ ಉದ್ಯಮಗಳ ನೋಂದಣಿ; ಸಣ್ಣ ಉದ್ಯಮ ನಡೆಸೋರು ಆಧಾರ್, ಪ್ಯಾನ್ ಇದ್ರೆ ಯಾರು ಬೇಕಾದ್ರೂ ಆನ್‌ಲೈನಲ್ಲಿ ಪುಕ್ಕಟೆ ಮಾಡಿಸಬಹುದು. ಪಾಠದ ಗುಣಮಟ್ಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಸಂಸ್ಥೆಗೆ ಫೋನ್ ಮಾಡಿದೆ. ಅವರ ಉತ್ತರಗಳು, ಇದ್ದ ಹಾಗೇ:

‘ಮೇಡಂ, ಐಸಿಎಫ್ ಅಂದಿದ್ದೀವಿ, ಎಸಿಸಿ ಅಂತ ನಾವು ಎಲ್ಲಿ ಅಂದಿದ್ದೀವಿ?’

‘ಮೇಡಂ, ಸರ್ಟಿಫಿಕೇಟ್ ಹಿಂದೆ ಬೀಳೋದು ಒಂದು ಲಿಮಿಟಿಂಗ್ ಬಿಲೀಫ್. ನಿಮ್ಮೊಳಗಿನ ಕೋಚ್‌ಗೆ ಪೇಪರ್ ಬೇಕಾ?’ ಲಿಮಿಟಿಂಗ್ ಬಿಲೀಫ್ ಅಂದ್ರೆ ನಮ್ಮನ್ನೇ ಕಟ್ಟಿಹಾಕೋ ನಂಬಿಕೆ. ಪೇಪರಿಗೆ 80,000 ತಗೊಂಡವರು ಹೇಳ್ತಿರೋ ಮಾತು ಇದು.

ದುಡ್ಡು ವಾಪಸ್ ಕೊಡಿ ಅಂದೆ. ‘ದುಡ್ಡಿನ ಜೊತೆ ನಿಮ್ಮ ಸಂಬಂಧ ಸರಿಯಿಲ್ಲ ಅಕ್ಕಾ, ಅದರ ಮೇಲೆ ವರ್ಕ್ ಮಾಡೋಣ. ಒಂದು ಫ್ರೀ ಸೆಷನ್ ಕೊಡ್ತೀನಿ.’ ಅಲ್ಲಿ ತನಕ ಮೇಡಂ, ದುಡ್ಡು ಕೇಳಿದ ಕೂಡ್ಲೇ ಅಕ್ಕ.

ನೋಡಿ, ಇದೇ ನನಗೆ ತಡೆಯೋಕಾಗದ್ದು. ನಾವು ದಿನಾ ಬಳಸೋ ಮಾತುಗಳೇ. ಯಾರಾದ್ರೂ ಭಯದಿಂದ ಹೆಜ್ಜೆ ಇಡದೆ ಕೂತಾಗ ಮೆತ್ತಗೆ ಕೇಳೋ ಪ್ರಶ್ನೆಗಳು. ಅದನ್ನೇ ಗುರಾಣಿ ಮಾಡ್ಕೊಂಡು ನಿಂತಿದ್ದಾರೆ. ರಸೀದಿ ಕೇಳಿದ್ರೆ ನಿನ್ನ ಮನಸ್ಸು ಸರಿಯಿಲ್ಲ, ಲೆಕ್ಕ ಕೇಳಿದ್ರೆ ನಿನ್ನ ನಂಬಿಕೆ ಸರಿಯಿಲ್ಲ. ಫೋನ್ ಇಟ್ಟ ಮೇಲೆ ಐದು ನಿಮಿಷ ನನಗೇ ಅನುಮಾನ ಬಂತು, ನನ್ನದೇ ತಪ್ಪಾ ಅಂತ. ನನಗೇ!

‘ನೂರಕ್ಕೆ ನೂರು ಮನಿ ಬ್ಯಾಕ್’ ಷರತ್ತು ಆಮೇಲೆ ಓದಿದೆ. ಸೇರಿದ 7 ದಿನದೊಳಗೆ ಕೇಳಬೇಕು. ಕೇಳೋಕೆ ಮುಂಚೆ ಎಂಟೂ ವಾರದ ಅಸೈನ್‌ಮೆಂಟ್ ಮುಗಿಸಿ, ಶೇ. 90 ಹಾಜರಿ ಇರಬೇಕು. ಎಂಟು ವಾರದ ಕೆಲಸ ಏಳು ದಿನದಲ್ಲಿ! ಅದೂ ತರಗತಿ ಇಟ್ಟಿದ್ದು ಜುಲೈ, ಆಗಸ್ಟಿನಲ್ಲಿ. ಹೊಸನಗರ, ಆಗುಂಬೆ ಕಡೆಯವರಿಗೆ ಮಳೆ ಹಿಡಿದ್ರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಝೂಮ್‌ನಿಂದ ಕಡಿದು ಬಿದ್ದವರಿಗೆಲ್ಲ ಗೈರುಹಾಜರಿ. ‘ಕಮಿಟ್‌ಮೆಂಟ್ ಇದ್ದವರು ಸಿಗ್ನಲ್ ಹುಡ್ಕೋತಾರೆ’ ಅಂತ ಗ್ರೂಪಿನಲ್ಲಿ ಉಪದೇಶ ಬೇರೆ.

ಸೇರಿದವರಿಗೆ ‘ಮೂರು ಕ್ಲೈಂಟ್ ಗ್ಯಾರಂಟಿ’ ಅಂತಲೂ ಅಂದಿದ್ರು, ಅದೂ ಹೇಳಿಬಿಡ್ತೀನಿ. ನಮ್ಮ ಬ್ಯಾಚಿನವರನ್ನೇ ಒಬ್ಬರಿಗೊಬ್ಬರು ಕ್ಲೈಂಟ್ ಮಾಡಿದ್ರು. ಹೊಸಬರನ್ನ ಕರ್ಕೊಂಡು ಬಂದ್ರೆ ಶೇ. 15 ಕಮಿಷನ್ ಅಂತಲೂ ಅಂದ್ರು. ಅಲ್ಲಿಗೆ ನನಗೆ ವ್ಯಾಪಾರ ಪೂರ್ತಿ ಅರ್ಥವಾಯ್ತು.

ಸೇರೋರು ಇಷ್ಟು ಮಾಡಿ. ‘ಲೆವೆಲ್ 1ಆ, ಲೆವೆಲ್ 2ಆ, ಸಿಸಿಇನಾ’ ಅಂತ ಬರಹದಲ್ಲಿ ಕೇಳಿ, ಐಸಿಎಫ್ ಪಟ್ಟಿಯಲ್ಲಿ ನೀವೇ ಹುಡುಕಿ. ನೇರ ತರಗತಿ ಎಷ್ಟು ಗಂಟೆ, ಮೆಂಟರ್ ಯಾರು, ಅವರ ಕ್ರೆಡೆನ್ಶಿಯಲ್ ಯಾವುದು ಕೇಳಿ. ಹಾಲ್‌ನಲ್ಲಿ ಕೂತು ಓಟಿಪಿ ಕೊಡಬೇಡಿ, ಯಾವ ಕಾರಣಕ್ಕೂ. ಕೊಟ್ಟಾಗಿದ್ರೆ ಅವತ್ತು ರಾತ್ರಿಯೇ ಸಾಲದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ (ಸಾಲದ ಮುಖ್ಯ ಷರತ್ತುಗಳ ಹಾಳೆ) ತೆಗೆದು ಕೂಲಿಂಗ್ ಆಫ್ ಅವಧಿ, ಅಂದ್ರೆ ಸಾಲ ಬೇಡ ಅಂತ ಹಿಂದೆ ಸರಿಯೋ ಅವಧಿ, ಎಷ್ಟು ಅಂತ ನೋಡಿ. ಡಿಜಿಟಲ್ ಸಾಲಕ್ಕೆ ಕನಿಷ್ಠ ಒಂದು ದಿನವಾದ್ರೂ ಇರಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ. ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕಟ್ಟಿ, ದಂಡ ಇಲ್ಲದೆ ಹೊರಗೆ ಬರಬಹುದು. ನನಗೆ ಇದು ಗೊತ್ತಾಗಿದ್ದು ಎರಡನೇ ಕಂತು ಕಟ್ಟಿದ ಮೇಲೆ.

ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿದ್ದೀನಿ. ಮುಂದಿನದು ಜಿಲ್ಲಾ ಗ್ರಾಹಕ ಆಯೋಗ. ಅವರ ಕಚೇರಿ ಬೆಂಗಳೂರಲ್ಲಿದ್ರೂ 2019ರ ಕಾಯ್ದೆ ಪ್ರಕಾರ ನಾವಿರೋ ಊರಲ್ಲೇ ದೂರು ಹಾಕಬಹುದು, ಕೊಟ್ಟ ದುಡ್ಡು 5 ಲಕ್ಷದ ತನಕ ಇದ್ರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ‘ಕೋರ್ಟು ಅಂದ್ರೆ ನೆಗೆಟಿವ್ ಎನರ್ಜಿ ಅಕ್ಕಾ’ ಅಂತ ಮೊನ್ನೆ ಮೆಸೇಜ್ ಬಂದಿದೆ. ಅದನ್ನೂ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೀನಿ.

ಅವತ್ತು ಆ ಹಾಲ್‌ನಲ್ಲಿ ನನ್ನ ಜೊತೆ ದುಡ್ಡು ಕಟ್ಟಿದವರು ಇದನ್ನ ಓದ್ತಿದ್ರೆ ರಸೀದಿ, ಜಾಹೀರಾತಿನ ಫೋಟೊ, ಸರ್ಟಿಫಿಕೇಟ್ ಯಾವುದನ್ನೂ ಎಸೀಬೇಡಿ. ಆ ವಾಟ್ಸಾಪ್ ಗ್ರೂಪಿನಿಂದ ಸಿಟ್ಟು ಮಾಡ್ಕೊಂಡು ಹೊರಗೆ ಹೋಗೋ ಮುಂಚೆ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ. ನಾನು ಸಿಟ್ಟಲ್ಲಿ ಮೊದಲು ಹೊರಗೆ ಬಂದೆ, ಅವರು ಹಳೇ ಮೆಸೇಜ್‌ಗಳನ್ನ ಅಳಿಸ್ತಿದ್ದಾರಂತೆ.