ಹೊಳೆದಂಡೆಯ ಊರಿಗೆ ಯಾವ ಭೋಂಗಾ?

ಮಹಾಪೂರ ಬಂದಾಗ ಜನರನ್ನು ಎಚ್ಚರಿಸಲು ಯಾವ ಭೋಂಗಾ, ಅಂದರೆ ಸೈರನ್, ಕೊಳ್ಳಬೇಕೆಂದು ಹೊಳೆದಂಡೆಯ ಊರಿನವರು ಯಾರೇ ಕೇಳಿದರೂ, ಮೊದಲು ಕೈಯಿಂದ ತಿರುಗಿಸುವ ಭೋಂಗಾ ಕೊಳ್ಳಿರಿ ಎಂದೇ ನಾನು ಹೇಳುತ್ತೇನೆ. ಜಮಖಂಡಿ ತಾಲ್ಲೂಕಿನ ಕೃಷ್ಣಾತೀರದ ನಮ್ಮ ಊರಿನಲ್ಲಿ, 2019ರ ಆಗಸ್ಟ್ ತಿಂಗಳ ಮಹಾಪೂರದ ನಂತರ, ಸಂಘದ ಹಣದಿಂದ ಮೋಟಾರ್ ಸೈರನ್ ತಂದು ಕೂಡ್ರಿಸಿದೆವು. ಮುಂದೆ ಬ್ಯಾಟರಿಯ ಸೈರನ್ನನ್ನೂ ಕೈಭೋಂಗಾವನ್ನೂ ತರಿಸಿ ಊದಿಸಿ ನೋಡಿದೆವು.

ಮೋಟಾರ್ ಸೈರನ್ನಿನ ದನಿಯ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಕರೆಂಟಿನದು. ಕಿಂಡಿಗಳಿರುವ ಚಕ್ರವೊಂದು ವೇಗವಾಗಿ ತಿರುಗಿ ಗಾಳಿಯನ್ನು ತುಂಡರಿಸುವುದರಿಂದ ಅದರ ಸದ್ದು ಹುಟ್ಟುತ್ತದೆ. ಆದ್ದರಿಂದ ಚಕ್ರದ ವೇಗ ತಗ್ಗಿದರೆ ದನಿಯ ಏರು ಮತ್ತು ಜೋರು ಎರಡೂ ತಗ್ಗುತ್ತವೆ. ಕಬ್ಬಿಗೆ ನೀರು ಹಾಯಿಸುವ ಪಂಪ್‌ಸೆಟ್ಟುಗಳೆಲ್ಲ ಒಮ್ಮೆಲೇ ಚಾಲೂ ಆದಾಗ ವೋಲ್ಟೇಜ್ ಕುಸಿಯುತ್ತದೆ, ಮತ್ತು ವೋಲ್ಟೇಜ್ ಶೇ. 20ರಷ್ಟು ಇಳಿದರೆ ಇಂಥ ಮೋಟಾರಿನ ತಿರುಗಿಸುವ ಬಲ ಶೇ. 36ರಷ್ಟು ಇಳಿಯುತ್ತದೆ. ಆಗ ಅದು ಊರನ್ನು ಎಬ್ಬಿಸುವುದಿರಲಿ, ನರಳಿದಂತೆ ಕೇಳಿಸುತ್ತದೆ.

ಇದಕ್ಕಿಂತ ದೊಡ್ಡ ತೊಡಕೆಂದರೆ, ಹೊಳೆಯ ನೀರು ಟಿಸಿಯ (ಕರೆಂಟಿನ ಟ್ರಾನ್ಸ್‌ಫಾರ್ಮರಿನ) ಬುಡಕ್ಕೆ ಬರುವ ಹೊತ್ತಿಗೆ ಅಪಾಯವಾಗದಿರಲೆಂದು ಲೈನನ್ನೇ ತೆಗೆದಿರುತ್ತಾರೆ. ಅದು ಸರಿಯಾದ ಕ್ರಮವೇ. ಆದರೆ ಸೈರನ್ ಬೇಕಾಗುವುದೂ ಅದೇ ಗಳಿಗೆಯಲ್ಲಿ. ಮದುವೆ ಪೆಂಡಾಲಿನ ಜನರೇಟರ್ ಹಚ್ಚಿ ನೋಡಿದೆವು. ಚಾಲೂ ಆಗುವಾಗ ಮೋಟಾರು ತನ್ನ ಎಂದಿನ ಕರೆಂಟಿನ ಐದಾರು ಪಟ್ಟು ಎಳೆಯುವುದರಿಂದ ಜನರೇಟರೇ ಕೂತುಬಿಟ್ಟಿತು. ದೊಡ್ಡ ಜನರೇಟರ್ ಕೊಂಡು, ಅದಕ್ಕೊಂದು ಕೋಣೆ ಕಟ್ಟಿ, ಡೀಸೆಲ್ ಕಾಯುವ ಖರ್ಚು ನಮ್ಮಂಥ ಸಂಘದ್ದಲ್ಲ.

ಬ್ಯಾಟರಿಯ ಸೈರನ್ನಿಗೆ ಈ ಕಾಟವಿಲ್ಲ, ಮೇಲಾಗಿ ಅದು ಮಾತನ್ನೂ ಆಡುತ್ತದೆ: “ದನ ಬಿಚ್ಚಿರಿ, ಎತ್ತರಕ್ಕೆ ನಡೆಯಿರಿ” ಎಂದು ಹೇಳಬಹುದು. ಆದರೆ ದೂರ ಇಮ್ಮಡಿಯಾದಂತೆಲ್ಲ ಬಯಲಿನಲ್ಲಿಯೂ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ನಡುವೆ ಆಳೆತ್ತರದ ಕಬ್ಬು ನಿಂತಿದ್ದರೆ ಇನ್ನೂ ಹೆಚ್ಚು. ಹೀಗಾಗಿ ತೋಟದ ಮನೆಗಳಿಗೆ ಕೂಗು ಮುಟ್ಟಿದರೂ ಮಾತು ತಿಳಿಯಲಿಲ್ಲ. ಬೆಲೆ ಎಲ್ಲಕ್ಕಿಂತ ಹೆಚ್ಚು. ನಮ್ಮ ಬೇಸಿಗೆಯ ಝಳಕ್ಕೆ ಲೆಡ್-ಆಸಿಡ್ ಬ್ಯಾಟರಿಯ ಆಯುಷ್ಯ ಬೇಗ ತೀರುತ್ತದೆ, ಅದಕ್ಕೆ ತಪ್ಪದೆ ಡಿಸ್ಟಿಲ್ಡ್ ನೀರು ಹಾಕುವ ಶಿಸ್ತು ನನಗಂತೂ ಇಲ್ಲ. ಕಾಯಂ ನೌಕರರಿರುವ ಪಂಚಾಯಿತಿಗೆ ಇದೇ ಒಳ್ಳೆಯದಾದೀತು.

ಕೈಭೋಂಗಾದ ಸದ್ದು ಮೂರರಲ್ಲಿ ಚಿಕ್ಕದು, ಅಷ್ಟೇ ಅಲ್ಲ, ತಿರುಗಿಸುವವರ ರಟ್ಟೆ ಬೇಗ ಸೋಲುತ್ತದೆ. ಇಬ್ಬರು ಪಾಳಿಯಲ್ಲಿ ನಿಲ್ಲಬೇಕು. ಆದರೆ ಅದನ್ನು ಟ್ರ್ಯಾಕ್ಟರಿನ ಟ್ರಾಲಿಯಲ್ಲಿಟ್ಟುಕೊಂಡು ನೇರವಾಗಿ ತೋಟದ ಮನೆಗಳ ಹಾದಿಗೆ ಒಯ್ಯಬಹುದು. ಉಳಿದೆರಡಕ್ಕೂ ಈ ಅನುಕೂಲವಿಲ್ಲ. ಕೊಯ್ನಾ ಮತ್ತಿತರ ಮೇಲಿನ ಜಲಾಶಯಗಳಿಂದ ನೀರು ಬಿಟ್ಟ ಸುದ್ದಿ ಹೊಳೆಗಿಂತ ಮೊದಲೇ ಫೋನಿನಲ್ಲಿ ಬಂದಿರುತ್ತದೆಯಾದ್ದರಿಂದ, ಹೀಗೆ ಸುತ್ತಿ ಬರಲು ವೇಳೆಯೂ ಸಿಗುತ್ತದೆ.

ಮೋಟಾರ್ ಸೈರನ್ನನ್ನು ಮಾರಲಿಲ್ಲ, ಕರೆಂಟು ಇದ್ದಾಗ ಊದಲಿ ಎಂದು ಬಿಟ್ಟಿದ್ದೇವೆ. ಉಳಿದ ಹಣದಲ್ಲಿ ಊರಿನ ಎರಡೂ ತುದಿಗೆ ಒಂದೊಂದು ಕೈಭೋಂಗಾ ಕೊಂಡೆವು. ಕೊಳ್ಳುವಾಗ, ಹಿಡಿಕೆ ಬಿಟ್ಟ ಮೇಲೂ ಒಳಗಿನ ಚಕ್ರ ತಾನಾಗಿ ತಿರುಗಿ ನಿಲ್ಲುವಂಥದ್ದನ್ನೇ ಆರಿಸಿರಿ. ಅಗ್ಗದವುಗಳಲ್ಲಿ ಚಕ್ರದೊಡನೆ ಹಿಡಿಕೆಯೂ ಸುತ್ತಿ ಮುಂಗೈಗೆ ಬಡಿಯುತ್ತದೆ.