ಸ್ನಿಫಿನ್ ಸ್ಟಿಕ್ಸ್: ವಾಸನೆಗೆ ನಂಬಬಹುದು, ಘಾಟಿಗೆ ಸಾಲದು

ಮೂಗಿನ ಸೂಕ್ಷ್ಮತೆಯನ್ನು ಅಂಕಿಯಲ್ಲಿ ಹೇಳಬೇಕಾದ ವೈದ್ಯರೂ ಸಂಶೋಧಕರೂ ಹೆಚ್ಚಾಗಿ ಬಳಸುವ ಸಾಧನಗಳಲ್ಲಿ ಜರ್ಮನಿಯ ಬರ್ಗ್‌ಹಾರ್ಟ್ ಸಂಸ್ಥೆಯ ಸ್ನಿಫಿನ್ ಸ್ಟಿಕ್ಸ್ ಒಂದು. 1990ರ ದಶಕದಲ್ಲಿ ಗೆರ್ಡ್ ಕೋಬಾಲ್, ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು ರೂಪಿಸಿದ ಈ ಪರೀಕ್ಷೆ ನೋಡಲು ಸ್ಕೆಚ್ ಪೆನ್ನುಗಳ ಪೆಟ್ಟಿಗೆಯಂತಿದ್ದು, ಪೆನ್ನಿನೊಳಗೆ ಶಾಯಿಯ ಬದಲು ವಾಸನೆಯ ದ್ರವವಿರುತ್ತದೆ. ಪರೀಕ್ಷಕರು ಮುಚ್ಚಳ ತೆಗೆದು, ತುದಿಯನ್ನು ಮೂಗಿನ ಹೊಳ್ಳೆಗಳಿಂದ ಸುಮಾರು 2 ಸೆಂಟಿಮೀಟರ್ ದೂರದಲ್ಲಿ 3 ಸೆಕೆಂಡು ಹಿಡಿದರೆ ಸಾಕು.

ಈ ಪರೀಕ್ಷೆಯ ಮೂರು ಭಾಗಗಳಲ್ಲಿ ನನಗೆ ಅತ್ಯುತ್ತಮವೆನಿಸುವುದು ಮೊದಲನೆಯದು, ಅಂದರೆ ಎಷ್ಟು ತೆಳುವಾದ ವಾಸನೆಯವರೆಗೆ ಮೂಗು ಗುರುತಿಸಬಲ್ಲದು ಎಂಬ ಅಳತೆ. ಒಂದೇ ರಾಸಾಯನಿಕವನ್ನು ಪ್ರತಿ ಹಂತಕ್ಕೂ ಅರ್ಧದಷ್ಟು ತೆಳುಗೊಳಿಸುತ್ತ ಹೋದ 16 ಹಂತಗಳಿವೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರಿಗೆ ಮೂರು ಪೆನ್ನುಗಳನ್ನು ಒಂದರ ನಂತರ ಒಂದು ಹಿಡಿಯಲಾಗುತ್ತದೆ. ಎರಡರಲ್ಲಿ ಬರೀ ದ್ರಾವಕ, ಒಂದರಲ್ಲಿ ಮಾತ್ರ ವಾಸನೆ. ಏನೂ ತಿಳಿಯಲಿಲ್ಲವೆಂದರೂ ಒಂದನ್ನು ಆರಿಸಲೇಬೇಕು. ‘ವಾಸನೆ ಬಂತೇ?’ ಎಂದು ಕೇಳಿದರೆ ಧೈರ್ಯದವರು ಹೌದೆನ್ನುತ್ತಾರೆ, ಸಂಕೋಚದವರು ಇಲ್ಲವೆನ್ನುತ್ತಾರೆ. ಆ ಸ್ವಭಾವದ ವ್ಯತ್ಯಾಸವನ್ನು ಈ ಕಡ್ಡಾಯ ಆಯ್ಕೆ ಬಹುಮಟ್ಟಿಗೆ ತೊಡೆದುಹಾಕುತ್ತದೆ. ಸತತ ಎರಡು ಸಲ ಸರಿಯಾಗಿ ಹೇಳಿದರೆ ವಾಸನೆ ತೆಳುವಾಗುತ್ತದೆ, ತಪ್ಪಿದರೆ ಗಾಢವಾಗುತ್ತದೆ; ಹೀಗೆ ದಿಕ್ಕು ಬದಲಾದ ಏಳು ತಿರುವುಗಳಲ್ಲಿ ಕೊನೆಯ ನಾಲ್ಕರ ಸರಾಸರಿಯೇ ಅಂಕ.

ಈ ಭಾಗ ಎರಡು ಬಗೆಯಲ್ಲಿ ದೊರೆಯುತ್ತದೆ: ಎನ್-ಬ್ಯುಟನಾಲ್ ಎಂಬ ಆಲ್ಕೋಹಾಲ್ ಮತ್ತು ಗುಲಾಬಿಯ ಪರಿಮಳದ ಫಿನೈಲ್ ಈಥೈಲ್ ಆಲ್ಕೋಹಾಲ್. ಕೊಳ್ಳುವವರು ಇಲ್ಲಿ ಎಚ್ಚರ ವಹಿಸಬೇಕು. ಒಣಮೆಣಸಿನಕಾಯಿ ಒಗ್ಗರಣೆಗೆ ಮೂಗು ಉರಿಯುವುದು ಘ್ರಾಣನರದಿಂದಲ್ಲ, ಮುಖದ ಸ್ಪರ್ಶ ಮತ್ತು ನೋವನ್ನು ಒಯ್ಯುವ ಟ್ರೈಜೆಮಿನಲ್ ನರದಿಂದ. ಬ್ಯುಟನಾಲ್ ಗಾಢವಾದಾಗ ಆ ನರವನ್ನೂ ಕೆಣಕಬಲ್ಲದು. ಗುಲಾಬಿ ಪರಿಮಳದ ದ್ರವ್ಯ ಬಹುತೇಕ ಕೆಣಕುವುದಿಲ್ಲ. ಆದ್ದರಿಂದ ಶುದ್ಧ ಘ್ರಾಣಶಕ್ತಿಯನ್ನಷ್ಟೇ ಅಳೆಯಬೇಕಾದವರಿಗೆ ಗುಲಾಬಿಯ ಬಗೆಯೇ ಮೇಲು.

ಘಾಟನ್ನೇ ಅಳೆಯಬೇಕಾದರೆ ಬೇರೆ ವಿಧಾನ ಬೇಕು. ಒಂದು ಬಾಟಲಿಯಲ್ಲಿ ಆವಿ, ಇನ್ನೊಂದರಲ್ಲಿ ಬರೀ ಗಾಳಿ ಇಟ್ಟು, ಎರಡು ಹೊಳ್ಳೆಗಳಿಗೂ ಒಮ್ಮೆಲೇ ಊದಿ, ಆವಿ ಯಾವ ಕಡೆಯಿಂದ ಬಂತೆಂದು ಕೇಳುತ್ತಾರೆ. ಬರೀ ವಾಸನೆಯಾದರೆ ಕಡೆ ಹೇಳಲಾಗದು, ಘಾಟಾದರೆ ಹೇಳಬಹುದು. ಅಮೆರಿಕದ ಸಂಶೋಧಕರಾದ ವಿಲಿಯಂ ಕೇನ್ ಮತ್ತು ಎನ್ರಿಕೆ ಕೊಮೆಟ್ಟೊ-ಮುನಿಯೋಸ್ ವಾಸನೆ ತಿಳಿಯದವರನ್ನೂ ತಿಳಿಯುವವರನ್ನೂ ಪರೀಕ್ಷಿಸಿ ತೋರಿಸಿದಂತೆ, ಆಲ್ಕೋಹಾಲುಗಳ ಆವಿ ಮೂಗನ್ನು ಚುಚ್ಚಲು ಬೇಕಾದ ಪ್ರಮಾಣ ವಾಸನೆ ತಿಳಿಯಲು ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ದ್ರಾವಕಗಳ ಆವಿ ಮೂಗು ಉರಿಸುತ್ತದೆಂಬ ಕೆಲಸಗಾರರ ದೂರನ್ನು ಈ ಪೆನ್ನುಗಳಿಂದ ಬಗೆಹರಿಸಲು ಹೊರಡುವ ಕಾರ್ಖಾನೆಗೆ ನಿರಾಶೆ ಖಚಿತ. ದುರ್ವಾಸನೆ ಅಳೆಯುವ ತಂಡಕ್ಕೆ ಜನರನ್ನು ಆರಿಸಲೂ ಇದು ಒದಗದು: ದುರ್ವಾಸನೆ ಅಳತೆಗೆ ಯುರೋಪಿನಲ್ಲಿರುವ ಇಎನ್ 13725 ಮಾನದಂಡಕ್ಕೆ ತಂಡದ ಸದಸ್ಯರು ಗುರುತಿಸಬಲ್ಲ ಬ್ಯುಟನಾಲ್‌ನ ಕನಿಷ್ಠ ಪ್ರಮಾಣ ಗಾಳಿಯಲ್ಲಿ ಶತಕೋಟಿಗೆ 20ರಿಂದ 80 ಭಾಗದೊಳಗಿರಬೇಕು, ಪೆನ್ನು ಕೊಡುವುದಾದರೋ ಹಂತದ ಸಂಖ್ಯೆಯನ್ನಷ್ಟೇ.

ಮೂರರಲ್ಲಿ ಭಿನ್ನವಾದ ವಾಸನೆಯನ್ನು ಬೇರ್ಪಡಿಸುವ ಎರಡನೆಯ ಭಾಗದ ಬಗ್ಗೆ ತಕರಾರಿಲ್ಲ. ವಾಸನೆಯ ಹೆಸರು ಹೇಳಿಸುವ ಮೂರನೆಯದು ನಮ್ಮವರಿಗೆ ಅಷ್ಟು ಸರಿಹೊಂದದು. ನಿಂಬೆ, ಲವಂಗ, ಬೆಳ್ಳುಳ್ಳಿ, ಕಾಫಿ, ಬಾಳೆಹಣ್ಣು ಯಾರಿಗೂ ಗೊತ್ತು. ಆದರೆ ಅತಿಮಧುರದ ಮಿಠಾಯಿ ತಿನ್ನದ, ಟರ್ಪೆಂಟೈನ್ ಮುಟ್ಟದ ಅಜ್ಜಿಗೆ ನಾಲ್ಕು ಆಯ್ಕೆಗಳನ್ನು ಕನ್ನಡದಲ್ಲೇ ಓದಿ ಹೇಳಿದರೂ ತಪ್ಪುವುದು ಮೂಗಲ್ಲ, ಪರಿಚಯ. (ಮೀನನ್ನು ಮನೆಯೊಳಗೆ ತಾರದವರು ಅದನ್ನು ಮಾತ್ರ ತಕ್ಷಣ ಗುರುತಿಸಿಯಾರು.)

ಮೂರೂ ಭಾಗಗಳ ಒಟ್ಟು 48 ಅಂಕಗಳಲ್ಲಿ 16 ಅಥವಾ ಅದಕ್ಕಿಂತ ಕಡಿಮೆ ಬಂದರೆ ಘ್ರಾಣಶಕ್ತಿ ನಷ್ಟವಾಗಿದೆಯೆಂದೂ, 30.75ಕ್ಕಿಂತ ಕಡಿಮೆಯಾದರೆ ಕುಂದಿದೆಯೆಂದೂ ಲೆಕ್ಕ. 9,000ಕ್ಕೂ ಹೆಚ್ಚು ಜನರ ಅಂಕಗಳಿಂದ 2019ರಲ್ಲಿ ಪರಿಷ್ಕರಿಸಿದ ಈ ಎರಡನೆಯ ಗಡಿ 21ರಿಂದ 30 ವರ್ಷದವರನ್ನು ಆಧರಿಸಿದೆ. ಎಪ್ಪತ್ತರ ವ್ಯಕ್ತಿಯ ವರದಿಯಲ್ಲಿ 28 ಎಂದಿದ್ದರೆ ಅದನ್ನು ಅವರ ವಯಸ್ಸಿನವರ ಅಂಕಗಳ ಪಕ್ಕದಲ್ಲಿಟ್ಟು ಓದಬೇಕು, ರೋಗವೆಂದು ತೀರ್ಮಾನಿಸಬಾರದು.